ಕಾಲು ಯಾರದು ಎಂದು ನೀನು ಕೇಳಿದ್ದೆ

ಅಪ್ಪಾ,

ಶಾಲೆಯಲ್ಲಿ ಪತ್ರಲೇಖನ ಕಲಿಸುವಾಗ, ತಂದೆಗೆ ಬರೆಯುವ ಕಾಗದವನ್ನು 'ತೀರ್ಥರೂಪು' ಎಂದೇ ಶುರು ಮಾಡಬೇಕು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಮನೆಗೆ ಬಂದು ನಿನಗೆ ಓದಿ ತೋರಿಸಿದರೆ ನೀನು ನಕ್ಕುಬಿಟ್ಟಿದ್ದೆ. "ನನ್ ಮೈಯಾಗೆ ಗ್ರೀಸಿನ ವಾಸ್ನೆ ಬಿಟ್ರೆ ಯಾವ ತೀರ್ಥನೂ ಇಲ್ಲ ಕಣವ್ವ. ಅಪ್ಪಾ ಅಂತ ಬರಿ, ಸಾಕು" ಅಂದಿದ್ದೆ. ಹಾಗಾಗಿ ಅಪ್ಪಾ ಅಂತಲೇ ಬರೆಯುತ್ತಿದ್ದೇನೆ. ನೀನು ಹೋದಮೇಲೆ ನಿನ್ನ ಜೊತೆ ಮನಸ್ಸಿನಲ್ಲೇ ಎಷ್ಟೋ ಮಾತಾಡಿದ್ದೇನೆ. ಆದರೆ ಒಂದು ಮಾತು ಹಾಗೆ ಆಡಿ ಮುಗಿಸುವಂಥದ್ದಲ್ಲ. ನೀನು ಒಂದು ಸಲ ನನ್ನನ್ನು ಒಂದು ಪ್ರಶ್ನೆ ಕೇಳಿದ್ದೆ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ, ಪೂರ್ತಿ ಅಲ್ಲದಿದ್ದರೂ. ಅದನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಅರಸೀಕೆರೆ ಜಂಕ್ಷನ್ನಿನ ಕೊನೆಯಲ್ಲಿದ್ದ ನಿನ್ನ ರೈಲ್ವೆ ಸಿಗ್ನಲ್ ಕ್ಯಾಬಿನ್ನಿಗೆ ಒಂದು ಭಾನುವಾರ ನನ್ನನ್ನೂ ತಂಗಿ ಮೈತ್ರಿಯನ್ನೂ ಕದ್ದು ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಕಿರುಗುಟ್ಟುವ ಮೆಟ್ಟಿಲು, ಸಾಲಾಗಿ ನಿಂತಿದ್ದ ಕಬ್ಬಿಣದ ಲಿವರುಗಳು, ಸುತ್ತಲೂ ಗಾಜಿನ ಕಿಟಕಿ. ಟಣ್ ಟಣ್ ಎಂದು ಗಂಟೆ ಬಂತು. "ಪಕ್ಕದ ಸ್ಟೇಷನ್‌ನೋರು ಗಾಡಿ ಬಿಟ್ಟವ್ರೆ ಅಂತ ಅರ್ಥ. ಮೊದ್ಲು ಗಂಟೆ, ಆಮೇಲೆ ಗಾಡಿ. ಗಂಟೆ ಇಲ್ದೆ ಗಾಡಿ ಬರಂಗಿಲ್ಲ" ಅಂದೆ. ಎರಡು ಕೈಯಲ್ಲೂ ಲಿವರ್ ಹಿಡಿದು, ಕಾಲು ಊರಿ, ಇಡೀ ಮೈಯನ್ನು ಹಿಂದಕ್ಕೆ ಒಗೆದು ಎಳೆದೆ. ಅಷ್ಟು ದೂರದಲ್ಲಿ, ತೆಂಗಿನ ತೋಟದ ಅಂಚಿನಲ್ಲಿ, ಸಿಗ್ನಲ್ ಕೈಮರದ ಕೆಂಪು ಕೈ ದಡಕ್ಕನೆ ಕೆಳಗೆ ಬಿತ್ತು. ಇಲ್ಲಿ ನೀನು ಎಳೆದರೆ ಅಲ್ಲಿ ಅದು ಬೀಳುತ್ತದಲ್ಲ ಅಂತ ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದ್ದೆವು. ಅವತ್ತು ನನ್ನ ಕಣ್ಣಿಗೆ ನಿನಗಿಂತ ದೊಡ್ಡ ಅಧಿಕಾರಿ ಇನ್ನೊಬ್ಬರಿರಲಿಲ್ಲ.

ಊಟಕ್ಕೆ ಕೂತಾಗಲೆಲ್ಲ ನೀನು ತಾತನ ಮಾತು ತೆಗೆಯುತ್ತಿದ್ದೆ. ಜಾವಗಲ್ ಹತ್ತಿರದ ಊರಿನಲ್ಲಿ ತಾತ ಜಮೀನುದಾರರೊಬ್ಬರ ಮನೆಯಲ್ಲಿ ಜೀತಕ್ಕಿದ್ದವರು. "ನಮ್ಮಪ್ಪನ ಕೈ ಅವ್ನ ಮೈಯಾಗೇ ಇತ್ತು. ಆದ್ರೆ ಅವ್ನ ಮಾತು ಕೇಳ್ತಿರ್ಲಿಲ್ಲ, ಗೌಡ್ರ ಮಾತು ಕೇಳ್ತಿತ್ತು" ಎನ್ನುತ್ತಿದ್ದೆ. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, "ನಿಮ್ ಕೈ ನಿಮ್ ಮಾತೇ ಕೇಳ್ಬೇಕು. ಅದಕ್ಕೇ ಓದಿಸ್ತಿರೋದು" ಅನ್ನುತ್ತಿದ್ದೆ. ದೇವರು, ದೆವ್ವ ಎರಡನ್ನೂ ಬಿಟ್ಟು, ಬುದ್ಧನ ಒಂದು ಪುಟ್ಟ ಮೂರ್ತಿಯನ್ನು ಮಾತ್ರ ಷೋಕೇಸಿನಲ್ಲಿಟ್ಟುಕೊಂಡ ಮನೆ ನಮ್ಮದು. ಇಂಥ ಮನೆಯ ಹಿರಿ ಮಗಳು ಒಂದು ದಿನ ನಿನ್ನೆದುರು ನಿಂತು, ಈ ಕೈ ನನ್ನದಲ್ಲ ಎಂದರೆ... ನಿನಗೆ ಹೇಗಾಗಿರಬೇಕು ಅಂತ ಈಗ ಯೋಚಿಸುತ್ತೇನೆ. ಆಗ ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅದು ಶುರುವಾಗಿದ್ದು ಜಾವಗಲ್‌ನ ಶಾಲೆಯಲ್ಲಿ. ಇದನ್ನು ನಾನು ನಿನಗೆ ಯಾವತ್ತೂ ಬಿಡಿಸಿ ಹೇಳಲಿಲ್ಲ. ಮೇಷ್ಟ್ರ ಕೆಲಸಕ್ಕೆ ಸೇರಿ ಎರಡನೇ ವರ್ಷ. ಐದನೇ ತರಗತಿಗೆ ನಮ್ಮ ಜಿಲ್ಲೆಯ ನದಿಗಳ ಪಾಠ. ಬೋರ್ಡಿನ ಮೇಲೆ 'ಯಗಚಿ' ಅಂತ ಬರೆಯುತ್ತಿದ್ದೆ. 'ಯ' ಬರೆದದ್ದು ನಾನೇ. 'ಗ' ಬರೆಯುವಾಗ ಇದ್ದಕ್ಕಿದ್ದ ಹಾಗೆ ನನ್ನ ಕೈಯನ್ನು ನಾನು ಹೊರಗಿನಿಂದ ನೋಡುತ್ತಿದ್ದೆ. ಸೀಮೆಸುಣ್ಣ ಸಾಗುತ್ತಿದೆ, ಅಕ್ಷರ ಮೂಡುತ್ತಿದೆ, ಆದರೆ ಸಾಗಿಸುತ್ತಿರುವುದು ನಾನಲ್ಲ. ನಿಲ್ಲಿಸಿ ತಿರುಗಿ ನೋಡಿದೆ. ಹಿಂದೆ ಯಾರೂ ಇಲ್ಲ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದವು. ಅವಕ್ಕೆ ಏನೂ ಗೊತ್ತಾಗಲಿಲ್ಲ, ಗೊತ್ತಾಗುವಂಥದ್ದೇನೂ ಇರಲಿಲ್ಲ. ಕಾಗುಣಿತ ತಪ್ಪಿರಲಿಲ್ಲ, ಸಾಲು ಸೊಟ್ಟ ಆಗಿರಲಿಲ್ಲ. ಬರೆಯಬೇಕು ಅಂದುಕೊಂಡದ್ದೂ ಅದೇ, ಬರೆದದ್ದೂ ಅದೇ. ನಡುವೆ ನಾನು ಮಾತ್ರ ಇರಲಿಲ್ಲ.

ಸುಸ್ತು ಇರಬೇಕು ಅಂದುಕೊಂಡೆ. ಬಸ್ಸಿನಲ್ಲಿ ಓಡಾಟ, ರಾತ್ರಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಅದು ಮತ್ತೆ ಬಂತು. ತಲೆ ಬಾಚುವಾಗ, ತೆಂಗಿನಕಾಯಿ ತುರಿಯುವಾಗ, ಬಸ್ಸಿನಲ್ಲಿ ಕಂಡಕ್ಟರಿಗೆ ಚಿಲ್ಲರೆ ಕೊಡುವಾಗ. ಕೈ ತಾನಾಗಿಯೇ ಏಳುತ್ತಿರಲಿಲ್ಲ ಅಪ್ಪ, ಯಾರೋ ಅದನ್ನು ಎತ್ತುತ್ತಿದ್ದರು. ಈ ವ್ಯತ್ಯಾಸ ಹೇಗೆ ಹೇಳಲಿ? ಕೈ ಜೋಮು ಹಿಡಿದರೆ ಅದು ನನ್ನದೇ ಕೈ, ಮಾತು ಕೇಳುತ್ತಿಲ್ಲ ಅಷ್ಟೆ. ಇದು ಹಾಗಲ್ಲ. ಇದು ಸರಿಯಾಗಿ, ಚುರುಕಾಗಿ ಕೆಲಸ ಮಾಡುತ್ತಿತ್ತು, ಬೇರೆಯವರ ಅಪ್ಪಣೆಯಂತೆ. ದಿನ ಕಳೆದಂತೆ ಆ ಬೇರೆಯವರಿಗೆ ಒಂದು ಹೆಸರೂ ಬಂತು. 'ಅವರು.' ನಾನು ಕುಡಿದ ನೀರು ಅವರು ಕುಡಿಸಿದ್ದು, ನಾನು ಆಡಿದ ಮಾತು ಅವರು ಆಡಿಸಿದ್ದು. ಕೊನೆಗೆ ಬಲಗೈಯನ್ನು ಟವಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ಎಡಗೈಯಲ್ಲಿ ಊಟ ಮಾಡತೊಡಗಿದೆ. ಅಮ್ಮ ಗಾಬರಿಯಾಗಿ ನಿನ್ನನ್ನು ಕರೆದಳು. ನೀನು ಬಂದು ನೋಡಿ, ಟವಲಿನ ಗಂಟನ್ನು ಬಿಚ್ಚಿದೆ. ನೀನು ಆ ಕಡೆ ಹೋದಮೇಲೆ ನಾನು ಮತ್ತೆ ಕಟ್ಟಿಕೊಂಡೆ.

ಹಳೇಬೀಡಿನಲ್ಲಿ ನಿನ್ನ ಅಕ್ಕ ಪುಟ್ಟಮ್ಮತ್ತೆಯ ಮಗನ ಮದುವೆಯ ಬೀಗರ ಊಟ. ಬರುವುದಿಲ್ಲ ಅಂದರೂ ಅಮ್ಮ ಹೊರಡಿಸಿದಳು. ಶಾಮಿಯಾನದ ಕೆಳಗೆ ಸುಡುವ ಸೆಕೆ, ಮೈಕಿನ ಗದ್ದಲ, ಕಂಡವರೆಲ್ಲ ಕೇಳುವ ಒಂದೇ ಮಾತು: "ನಿನ್ ಮದ್ವೆ ಯಾವಾಗವ್ವ?" ಊಟವಾದ ಮೇಲೆ ಕೈ ತೊಳೆಯಲು ಎದ್ದೆ. ನಲ್ಲಿ ಹತ್ತಿರ ನಿಲ್ಲಬೇಕಾದ ಕಾಲು ನಿಲ್ಲಲಿಲ್ಲ. ಶಾಮಿಯಾನ ದಾಟಿತು, ರಸ್ತೆ ದಾಟಿತು, ಕೆರೆ ಏರಿಯ ಕಡೆ ತಿರುಗಿತು. ನಾನು ಒಳಗೆ ಕೂತು, ಬಸ್ಸಿನ ಕಿಟಕಿಯಿಂದ ನೋಡುವ ಹಾಗೆ ನೋಡುತ್ತಿದ್ದೆ. ಕೆರೆಗೆ ಇಳಿದದ್ದು, ಮೊಣಕಾಲಿನ ತನಕ ನೀರು ಬಂದದ್ದು, ಸೀರೆ ತೇಲಿದ್ದು ಎಲ್ಲ ಗೊತ್ತಾಗುತ್ತಿತ್ತು. ಹಿಂದಿನಿಂದ ನೀನು ಕೂಗಿಕೊಂಡು ಓಡಿ ಬಂದೆ. ಹೊಸ ಪ್ಯಾಂಟು, ಷೂ ಎಲ್ಲದರ ಸಮೇತ ನೀರಿಗಿಳಿದು ನನ್ನ ರಟ್ಟೆ ಹಿಡಿದು ದಡಕ್ಕೆ ಎಳೆದೆ.

"ಯಾಕವ್ವ ಇಲ್ಲಿಗ್ ಬಂದೆ?"

"ನಾನು ಬರ್ಲಿಲ್ಲಪ್ಪ. ನಡಿಸ್ಕೊಂಡು ಬಂದ್ರು."

"ಯಾರು?"

"ಗೊತ್ತಿಲ್ಲ."

"ಇಲ್ಲಿ ಯಾರೂ ಇಲ್ವಲ್ಲ ಮಗ. ನೀನೊಬ್ಳೇ ನಡ್ಕೊಂಡು ಬಂದಿದ್ದನ್ನ ಅಲ್ಲಿ ಎಮ್ಮೆ ಮೇಯಿಸೋರು ನೋಡವ್ರೆ."

"ನಾನಲ್ಲಪ್ಪ ಅದು."

ನೀನು ಏದುಸಿರು ಬಿಡುತ್ತ ನನ್ನ ಒದ್ದೆ ಕಾಲುಗಳನ್ನೇ ನೋಡಿದೆ. "ಹಂಗಾದ್ರೆ ಈ ಕಾಲು ಯಾರ್ದು, ಹೇಳು?" ಅಂದೆ.

ನೀನು ಬೈಯಲಿಲ್ಲ, ನಿಜವಾಗಿಯೂ ಕೇಳಿದೆ. ನಾನು ಉತ್ತರ ಹೇಳಲಿಲ್ಲ. ಸುಮ್ಮನಿದ್ದದ್ದು ಹಟದಿಂದಲ್ಲ ಅಪ್ಪ. ಆ ಪ್ರಶ್ನೆಯನ್ನೇ ನಾನೂ ಒಳಗೊಳಗೆ ಕೇಳಿಕೊಳ್ಳುತ್ತಿದ್ದೆ.

ಅವತ್ತು ಸಂಜೆ ಅತ್ತೆ ನಿನ್ನನ್ನು ಹಿತ್ತಲಿಗೆ ಕರೆದು ಹೇಳಿದ್ದು ಗೋಡೆಯಾಚೆ ನನಗೂ ಕೇಳಿಸಿತು. "ಏನ್ಲಾ, ಕಣ್ಣು ಕಾಣಾಕಿಲ್ವ ನಿಂಗೆ? ಇದು ಗಾಳಿ. ಬೇಲೂರಿಂದಾಚೆ ಒಬ್ಬ ಅಯ್ಯ ಅವ್ನೆ, ಬಿಡಿಸ್ತಾನೆ." ನೀನು, "ಗಾಳಿನೂ ಇಲ್ಲ, ಧೂಳೂ ಇಲ್ಲ, ಸುಮ್ಕಿರಕ್ಕ" ಅಂದೆ. ಅಷ್ಟಕ್ಕೇ ನಿಲ್ಲುತ್ತಿತ್ತೇನೋ. ಆದರೆ ನಿನ್ನ ಕಾಲು ಹಿಡಿದವಳು ನಾನೇ. "ಅಪ್ಪಾ, ಯಾರೋ ಇದಾರೆ ನನ್ನೊಳಗೆ, ಬಿಡಿಸಪ್ಪ, ಎಲ್ಲಿಗಾದ್ರೂ ಕರ್ಕೊಂಡು ಹೋಗು" ಅಂತ ಗೋಗರೆದೆ. ಯಾವ ಗುಡಿಯ ಹೊಸಿಲನ್ನೂ ತುಳಿಯದ ನೀನು ಮಾರನೆಯ ದಿನ ಬೆಳಿಗ್ಗೆ, ಅತ್ತೆ ಕೊಟ್ಟ ನಿಂಬೆಹಣ್ಣಿನ ಚೀಲ ಹಿಡಿದುಕೊಂಡು, ನನ್ನ ಪಕ್ಕ ಬೇಲೂರಿನ ಬಸ್ಸಿನಲ್ಲಿ ಕೂತಿದ್ದೆ. ದಾರಿ ತೋರಿಸಲು ಅತ್ತೆ ಮುಂದಿನ ಸೀಟಿನಲ್ಲಿ ಕೂತಿದ್ದಳು. ನಿನ್ನೊಳಗೆ ಏನು ನಡೆಯುತ್ತಿತ್ತು ಅಂತ ನಾನು ಯಾವತ್ತೂ ಕೇಳಲಿಲ್ಲ. ಕೇಳಬೇಕಿತ್ತು...

ಅಲ್ಲಿ ನಡೆದದ್ದನ್ನು ನಾವಿಬ್ಬರೂ ಆಮೇಲೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಒಂದು ಹೆಂಚಿನ ಮನೆಯ ಅಂಗಳ, ಹೊಗೆ, ಸರದಿಯಲ್ಲಿ ಕೂತ ಹೆಂಗಸರು. ಆ ಅಯ್ಯ ನನ್ನನ್ನು ಎದುರಿಗೆ ಕೂರಿಸಿಕೊಂಡು, ನನ್ನ ಬಲಗೈಯನ್ನು ಮಣೆಯ ಮೇಲೆ ಇಡಿಸಿ, ಹುಣಸೆ ಬರಲು ಎತ್ತಿ, "ಯಾರು ನೀನು? ಹೆಸರು ಹೇಳು" ಅಂದ. ನಾನೇನು ಹೇಳಲಿ? ಹೆಸರು ಗೊತ್ತಿದ್ದರೆ ಹೇಳಿಬಿಡುತ್ತಿದ್ದೆ. ಮೊದಲ ಏಟು ಬೆರಳ ಗೆಣ್ಣಿನ ಮೇಲೆ ಬಿತ್ತು. ಎರಡನೆಯದು ನನಗೆ ತಾಗಲಿಲ್ಲ. ಕಣ್ಣು ಬಿಟ್ಟು ನೋಡಿದರೆ ನನ್ನ ಕೈಯ ಮೇಲೆ ನಿನ್ನ ಕೈ ಇತ್ತು. ಅದರ ಮೇಲೆ ಬಾಸುಂಡೆ ಕೆಂಪಗೆ ಏಳುತ್ತಿತ್ತು.

"ಸಾಕು" ಅಂದೆ ನೀನು.

"ತಗೀರಿ ಕೈಯ. ನಾನು ಹೊಡೀತಿರೋದು ಒಳಗಿರೋದಕ್ಕೆ, ನಿಮ್ ಮಗಳಿಗಲ್ಲ."

"ಒಳಗೆ ಯಾರಾದ್ರೂ ಇರ್ಲಿ ಸ್ವಾಮಿ. ಕೈ ನನ್ ಮಗಳ್ದು."

ಅಷ್ಟು ಹೇಳಿ ನನ್ನನ್ನು ಎಬ್ಬಿಸಿದೆ. ಅತ್ತೆ ಬೇಲೂರು ಬಸ್ ಸ್ಟ್ಯಾಂಡಿನ ತನಕ ಅಳುತ್ತ, ಬೈಯುತ್ತ ಹಿಂದೆ ಬಂದಳು. ನಾಲ್ಕು ಜನರ ಮುಂದೆ ತನ್ನ ಮರ್ಯಾದೆ ಕಳೆದೆ ಅಂತ ಅಂದಿನಿಂದ ನಿನ್ನ ಜೊತೆ ಮಾತು ಬಿಟ್ಟಳು. ಅರಸೀಕೆರೆಗೆ ಹೋಗುವ ಬಸ್ಸು ಹೊರಡಲು ನಿಂತಿತ್ತು. ನೀನು ಅದನ್ನು ಬಿಟ್ಟು ಹಾಸನದ ಬಸ್ಸು ಹತ್ತಿಸಿದೆ. "ಎಲ್ಲಿಗಪ್ಪ?" ಎಂದು ಕೇಳಿದೆ. "ಡಾಕ್ಟ್ರ ಹತ್ರ" ಅಂದೆ ನೀನು. ಅಷ್ಟೇ.

ಹಾಸನದ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಸರದಿ ಮುಗಿಯುತ್ತಾ ಬಂದಿತ್ತು. ವಯಸ್ಸಾದ ಡಾಕ್ಟರು ನನ್ನ ಮಾತನ್ನೂ ನಿನ್ನ ಮಾತನ್ನೂ ಕೇಳಿ, "ಇದಕ್ಕೆ ಸ್ಕಿಜೋಫ್ರೀನಿಯಾ ಅಂತಾರೆ. ಕಾಯಿಲೆ ಇದು. ಮಾತ್ರೆ ತಗೋಬೇಕು, ಬಿಡಬಾರದು" ಎಂದರು. ನೀನು ಮೇಜಿನ ಅಂಚು ಹಿಡಿದುಕೊಂಡು, "ಕಾಯಿಲೆನಾ ಸಾರ್? ಸದ್ಯ" ಅಂದೆ. ಡಾಕ್ಟರು ಕನ್ನಡಕ ತೆಗೆದು ನಿನ್ನನ್ನು ನೋಡಿದರು. ಮಗಳಿಗೆ ಇಂಥ ಕಾಯಿಲೆ ಅಂದಾಗ ಸದ್ಯ ಎಂದ ಅಪ್ಪನನ್ನು ಅವರು ಅದೇ ಮೊದಲು ಕಂಡಿರಬೇಕು. ನನಗೆ ಮಾತ್ರ ನಿನ್ನ ಸದ್ಯ ಅರ್ಥವಾಗಿತ್ತು. ದೆವ್ವದ ಜೊತೆ ಹೇಗೆ ಗುದ್ದಾಡಬೇಕು ಅಂತ ನಿನಗೆ ಗೊತ್ತಿರಲಿಲ್ಲ. ಕಾಯಿಲೆಯ ಜೊತೆ ಗೊತ್ತಿತ್ತು.

ಮೊದಲ ಆರು ತಿಂಗಳು ಹೇಗೆ ಕಳೆದವೋ... ಮಾತ್ರೆಯಿಂದ ನಾಲಿಗೆ ದಪ್ಪ, ಜೊಲ್ಲು, ಹಗಲೆಲ್ಲ ನಿದ್ದೆ, ಮೈ ಊದಿ ಬ್ಲೌಸೆಲ್ಲ ಹರಿದವು. ಶಾಲೆಯ ಕೆಲಸ ಹೋಯಿತು. ಕೆಲವು ದಿನ ಮಾತ್ರೆ ನುಂಗುವುದೇ ದೊಡ್ಡ ಸಮಸ್ಯೆ. ನುಂಗಿಸುತ್ತಿರುವುದೂ 'ಅವರೇ' ಅನ್ನಿಸುತ್ತಿತ್ತು. ಅಮ್ಮ, "ಬಾಯಿ ಅಗಲಿಸಿ ಹಾಕ್ಬಿಡಿ ಅತ್ಲಾಗೆ" ಅನ್ನುತ್ತಿದ್ದಳು. ನೀನು ಒಪ್ಪಲಿಲ್ಲ. ಮಾತ್ರೆಯನ್ನು ನನ್ನ ಅಂಗೈ ಮೇಲಿಟ್ಟು, ನೀರಿನ ಲೋಟ ಪಕ್ಕಕ್ಕಿಟ್ಟು, ಎದುರಿಗೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. "ಅವ್ಳೇ ತಗೊಳ್ಳಿ. ನಾವ್ ತುರುಕಿದ್ರೆ ನಮ್ಗೂ ಆ 'ಅವರಿಗೂ' ಏನ್ ವ್ಯತ್ಯಾಸ?" ಎಂದಿದ್ದೆ. ನಿನ್ನ ಕಾಫಿ ಆರುತ್ತಿತ್ತು, ಡ್ಯೂಟಿಗೆ ಹೊತ್ತಾಗುತ್ತಿತ್ತು, ನೀನು ಏಳುತ್ತಿರಲಿಲ್ಲ. ಕೊನೆಗೂ ನಾನೇ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಯಾವ ಡಾಕ್ಟರು ನಿನಗೆ ಅದನ್ನು ಹೇಳಿಕೊಟ್ಟಿದ್ದರು? ಯಾರೂ ಇಲ್ಲ.

ಇನ್ನೊಂದು ವಿಷಯ. ಹಳೇಬೀಡಿನಿಂದ ಬಂದ ವಾರವೇ ನೀನು ನಮ್ಮ ನೀರಿನ ತೊಟ್ಟಿಗೆ ಕಬ್ಬಿಣದ ಮುಚ್ಚಳ ಮಾಡಿಸಿ ಬೀಗ ಹಾಕಿಸಿದೆ. ಬೀಗದ ಕೈ ನಿನ್ನ ಉಡಿದಾರಕ್ಕೆ ಕಟ್ಟಿಕೊಂಡೆ. ಇಲಿ ಬೀಳುತ್ತವೆ ಅಂತ ಅಮ್ಮನಿಗೆ ಹೇಳಿದೆ. ನನಗೆ ಗೊತ್ತಿತ್ತು ಅಪ್ಪ. ನಾನು ಕೆರೆಗೆ ಇಳಿದದ್ದು ಸಾಯುವುದಕ್ಕೇ ಅಂತ ನೀನು ನಂಬಿದ್ದೆ. ಅದನ್ನು ಬಾಯಿಬಿಟ್ಟು ಕೇಳಲು ನಿನಗೆ ಆಗಲಿಲ್ಲ, ಹೇಳಲು ನನಗೆ ಗೊತ್ತಿರಲಿಲ್ಲ. ಆ ಭಯವನ್ನು ಸೊಂಟದಲ್ಲಿ ಕಟ್ಟಿಕೊಂಡೇ ನೀನು ರಿಟೈರಾದೆ, ಕಟ್ಟಿಕೊಂಡೇ ಹೋದೆ.

ನೀನು ಹೋದ ಬೆಳಿಗ್ಗೆ ಮನೆಯಲ್ಲಿದ್ದವಳು ನಾನೊಬ್ಬಳೇ. ಅಮ್ಮ ಸಂತೆಗೆ ಹೋಗಿದ್ದಳು. ಬಚ್ಚಲಿನ ಒಲೆಗೆ ತೆಂಗಿನ ಮಟ್ಟೆ ತುಂಬುತ್ತಿದ್ದವನು, "ಸುಜಿ, ಎದೆ ಯಾಕೋ..." ಅಂದೆ. ಓಡಿ ಬಂದು ನಿನ್ನನ್ನು ಹಿಡಿದುಕೊಂಡೆ, ಗೋಡೆಗೆ ಒರಗಿಸಿದೆ, ಬೀದಿಗೆ ಓಡಿ ಆಟೋ ನಿಲ್ಲಿಸಿದೆ, ಡ್ರೈವರಿನ ಜೊತೆ ನಿನ್ನನ್ನು ಎತ್ತಿ ಕೂರಿಸಿದೆ, ನಿನ್ನ ತಲೆಯನ್ನು ಎದೆಗೊತ್ತಿ ಹಿಡಿದುಕೊಂಡೆ. ಮಾರ್ಕೆಟ್ ದಾಟುವಷ್ಟರಲ್ಲಿ ನಿನ್ನ ಉಸಿರು ನಿಂತಿತ್ತು. ದಿನಗಳಾದ ಮೇಲೆ ಒಂದು ವಿಷಯ ಹೊಳೆಯಿತು. ಆ ಬೆಳಿಗ್ಗೆ ಉದ್ದಕ್ಕೂ, ಈ ಕೈ ಯಾರದು ಅನ್ನುವುದು ಒಂದು ಸಲವೂ ನನ್ನ ತಲೆಗೆ ಬಂದಿರಲಿಲ್ಲ. ಎಲ್ಲರೂ ಇರುವುದು ಹೀಗೇ ಅಲ್ಲವಾ? ನನ್ನ ಕೈ, ನನ್ನ ಕೈ ಅಂತ ಯಾರೂ ಹೇಳಿಕೊಂಡು ತಿರುಗುವುದಿಲ್ಲ. ಯೋಚನೆಯೇ ಬರದಷ್ಟು ಅದು ಅವರದ್ದಾಗಿರುತ್ತದೆ.

ಈಗ ಮನಸ್ಸಿನ ಡಾಕ್ಟರು ತಿಂಗಳಿಗೊಮ್ಮೆ ನಮ್ಮ ಅರಸೀಕೆರೆ ಆಸ್ಪತ್ರೆಗೇ ಬರುತ್ತಾರೆ. ಹೊಸಬರು, ಮೈತ್ರಿಯ ವಯಸ್ಸಿನ ಹೆಣ್ಣುಮಗಳು. ಹೋದ ವರ್ಷ ಒಂದು ದಿನ ಮಳೆ ಬಂದು ಜನ ಕಡಿಮೆ ಇದ್ದರು. ಧೈರ್ಯ ಮಾಡಿ ಕೇಳಿದೆ: "ಮೇಡಂ, ನನ್ನ ಕೈ ಬೇರೆಯವರು ಆಡಿಸ್ತಿದಾರೆ ಅಂತ ಅನ್ನಿಸ್ತಿತ್ತಲ್ಲ, ಯಾಕೆ?" ಅವರು ಪೆನ್ನು ಕೆಳಗಿಟ್ಟು, "ನಿಮ್ಮ ಅಂಗೈಗೆ ನೀವೇ ಕಚಗುಳಿ ಇಟ್ಕೊಳ್ಳಿ ನೋಡೋಣ" ಅಂದರು. ಇಟ್ಟುಕೊಂಡೆ. ಅಂಥದ್ದೇನೂ ಆಗಲಿಲ್ಲ. ಅವರು ಪೆನ್ನಿನ ತುದಿಯಿಂದ ಹಾಗೆ ಸುಮ್ಮನೆ ಗೀರಿದರು, ಕೈ ಜುಮ್ಮೆಂದು ಹಿಂದಕ್ಕೆ ಬಂತು. ಅವರು ನಕ್ಕರು. ಆಮೇಲೆ ಹೇಳಿದರು.

ಅವರು ಹೇಳಿದ್ದನ್ನು ನಿನ್ನ ಭಾಷೆಯಲ್ಲಿ ಹೇಳುತ್ತೇನೆ, ಕೇಳು. ನಾವು ಕೈ ಎತ್ತುವಾಗ ಮೆದುಳು ಎರಡು ಕೆಲಸ ಮಾಡುತ್ತದಂತೆ. ಎತ್ತು ಅಂತ ಕೈಗೆ ಅಪ್ಪಣೆ ಕಳಿಸುತ್ತದೆ. ಅದೇ ಹೊತ್ತಿಗೆ, ಕೈ ಏಳುತ್ತಿದೆ, ಎತ್ತುತ್ತಿರುವುದು ನಾನೇ ಅಂತ ತನಗೆ ತಾನೇ ಒಂದು ಗಂಟೆ ಬಾರಿಸಿಕೊಳ್ಳುತ್ತದೆ. ಮೊದಲು ಗಂಟೆ, ಆಮೇಲೆ ಗಾಡಿ. ಗಂಟೆಯೂ ಗಾಡಿಯೂ ಹೊಂದಿದರೆ ಅದು ನಮ್ಮ ಗಾಡಿ, ಅದರಲ್ಲಿ ಬೆಚ್ಚುವುದೇನಿದೆ? ನಮ್ಮ ಕಚಗುಳಿ ನಮಗೆ ತಾಗದೆ ಇರುವುದು ಅದಕ್ಕೇ. ಮುಂಚೆಯೇ ಗೊತ್ತಿರುತ್ತದೆ. ನನ್ನ ಕಾಯಿಲೆಯಲ್ಲಿ ಆ ಗಂಟೆ ಸರಿಯಾದ ಹೊತ್ತಿಗೆ ಬರುವುದಿಲ್ಲ. ಗಾಡಿ ಬಿಟ್ಟವಳು ನಾನೇ, ಆದರೆ ಬಿಟ್ಟದ್ದು ನನಗೇ ತಿಳಿದಿಲ್ಲ. ಗಂಟೆಯಿಲ್ಲದೆ ಗಾಡಿ ಎದುರಿಗೆ ಬಂದು ನಿಂತರೆ ಕ್ಯಾಬಿನ್ನಿನಲ್ಲಿದ್ದವನು ಏನು ಅಂದುಕೊಳ್ಳುತ್ತಾನೆ ಅಪ್ಪ? ಯಾವನೋ ಬಿಟ್ಟಿದ್ದಾನೆ ಅಂತ ತಾನೆ? ಆ ಯಾವನೋ ಯಾರು ಅಂತ ಮನಸ್ಸು ಸುಮ್ಮನಿರಲಾರದೆ ಹುಡುಕುತ್ತದೆ. ಸಿಗದಿದ್ದರೆ ಒಬ್ಬರನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ನನ್ನ 'ಅವರು' ಹುಟ್ಟಿದ್ದು ಹೀಗೆ. ಸುಳ್ಳು ಹೇಳಲಿಲ್ಲ ನಾನು, ನಟಿಸಲೂ ಇಲ್ಲ. ನನಗೆ ತಿಳಿದಷ್ಟನ್ನು ಹೇಳಿದೆ.

"ಇದೇ ಕೊನೇ ಮಾತು ಅಂತಲ್ಲ ರೀ" ಎಂದೂ ಡಾಕ್ಟರು ಹೇಳಿದರು. "ಇನ್ನೂ ಹುಡುಕ್ತಾನೇ ಇದಾರೆ. ಎಲ್ಲರಿಗೂ ಒಂದೇ ಥರಾನೂ ಇರಲ್ಲ." ನಾನು ಮತ್ತೊಂದು ಕೇಳಿದೆ. "ಅಪ್ಪಣೆ ನಂದೇ ಅಂದ್ರೆ, ಅವತ್ತು ಕೆರೆಗೆ ಹೋಗ್ಬೇಕು ಅಂತ ಅಂದ್ಕೊಂಡಿದ್ದೂ ನಾನೇನಾ ಮೇಡಂ? ಸಾಯ್ಬೇಕು ಅಂತ?" ಅವರು ಆ ದಿನದ್ದನ್ನೆಲ್ಲ ಹೇಳಿಸಿದರು. ಸೆಕೆ, ಮೈಕು, ಮದುವೆಯ ಪ್ರಶ್ನೆ, ಎಲ್ಲ. ಕೇಳಿ, "ಸಾಯ್ಬೇಕು ಅನ್ನೋ ಯೋಚನೆ ಬಂದಿದ್ದು ನೆನಪಿದೆಯಾ?" ಎಂದರು. ಇಲ್ಲ. ನೆನಪಿಗೆ ಎಷ್ಟು ಕೈ ಹಾಕಿದರೂ ಇಲ್ಲ. ನೆನಪಿದ್ದದ್ದು ಒಂದೇ, ಮೈಯೆಲ್ಲ ಉರಿಯುತ್ತಿತ್ತು. "ಹಾಗಾದ್ರೆ ಎಲ್ಲಾದ್ರೂ ತಣ್ಣಗಿರೋ ಕಡೆ, ಸದ್ದಿಲ್ಲದ ಕಡೆ ಹೋಗ್ಬೇಕು ಅನ್ನಿಸಿರಬಹುದು. ಅಷ್ಟೇ ಇರಬಹುದು" ಎಂದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ ಅಪ್ಪ. ಕೊಡೆ ಮಡಿಸುತ್ತಿದ್ದ ಒಬ್ಬ ಅಜ್ಜಿ, "ಯಾಕವ್ವ, ಏನಂದ್ರು ಡಾಕ್ಟ್ರು?" ಎಂದು ಕೇಳಿದಳು. ಒಳ್ಳೇದೇ ಅಂದ್ರು ಅಜ್ಜಿ, ಅಂದೆ. ಕಾಲು ನನ್ನದೇ ಅಪ್ಪ. ನೀನು ಕೇಳಿದ್ದಕ್ಕೆ ಉತ್ತರ ಅದು. ಕಾಲೂ ನನ್ನದು, ನಡೆದದ್ದೂ ನಾನು. ತಂಪು ಹುಡುಕಿಕೊಂಡು ಹೊರಟೆ, ಹೊರಟದ್ದು ನನಗೇ ತಿಳಿಯಲಿಲ್ಲ. ಸಾಯಲು ಹೋಗಿರಲಿಲ್ಲ. ಇದನ್ನು ನಿನಗೆ ಹೇಳಿ, ಆ ಬೀಗದ ಕೈಯನ್ನು ನಿನ್ನ ಉಡಿದಾರದಿಂದ ನಾನೇ ಬಿಚ್ಚಬೇಕಿತ್ತು...

ಪುಟ್ಟಮ್ಮತ್ತೆ ಹೋದ ದೀಪಾವಳಿಗೆ ಬಂದಿದ್ದಳು. ಈಗ ಅವಳಿಗೆ ಸರಿಯಾಗಿ ಕಾಣುವುದಿಲ್ಲ, ನನ್ನ ಮುಖವನ್ನು ಕೈಯಿಂದ ಸವರಿ ನೋಡುತ್ತಾಳೆ. ಡಾಕ್ಟರು ಹೇಳಿದ್ದನ್ನೆಲ್ಲ ಅವಳಿಗೂ ಬಿಡಿಸಿ ಹೇಳಿದೆ. ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದಳು. "ಅಂಗಾದ್ರೆ ಗಾಳಿ ಅಲ್ವಾ?"

"ಅಲ್ಲ ಅತ್ತೆ."

"ಅವತ್ತೇ ಯಾರಾದ್ರೂ ಇಂಗೆ ಬಿಡಿಸಿ ಹೇಳಿದ್ರೆ ನಾನ್ಯಾಕವ್ವ ಅಲ್ಲಿಗ್ ಕರ್ಕೊಂಡು ಹೋಗ್ತಿದ್ದೆ? ನನ್ ತಮ್ಮನ್ ಕೈ ಮ್ಯಾಲೆ ಏಟು ಬಿತ್ತಲ್ಲ, ಅದು ಈಗ್ಲೂ ಕಣ್ಮುಂದೆ ಐತೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿನ್ನ ಜೊತೆ ಬಿಟ್ಟ ಮಾತನ್ನು ಮತ್ತೆ ಆಡಲು ಅವಳಿಗೆ ಆಗಲೇ ಇಲ್ಲ ನೋಡು. ನಿನ್ನನ್ನು ಮಣ್ಣು ಮಾಡಿದ ದಿನ ಬಂದು ನಿನ್ನ ಪಾದದ ಹತ್ತಿರ ಕೂತಿದ್ದಳು. ಅವಳ ಮೇಲೆ ಕೋಪ ಇಟ್ಟುಕೊಳ್ಳಬೇಡ ಅಪ್ಪ. ಅವಳೂ ನನ್ನನ್ನು ಉಳಿಸಿಕೊಳ್ಳಲೆಂದೇ ಬಂದವಳು.

ನನ್ನ ಸುದ್ದಿ ಹೇಳುವುದಾದರೆ, ತಾಲ್ಲೂಕು ಆಫೀಸಿನ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕನ್ನಡ ಟೈಪಿಂಗ್ ಮಾಡುತ್ತೇನೆ. ಪೂರ್ತಿ ವಾಸಿಯಾಗಿದೆ ಅಂತ ನಿನಗೆ ಸುಳ್ಳು ಹೇಳುವುದಿಲ್ಲ. ನಿದ್ದೆ ಕೆಟ್ಟ ದಿನ, ತುಂಬ ಜನ ಮೇಲೆ ಬಿದ್ದ ದಿನ, ಬೆರಳುಗಳು ಕೀಲಿಗಳ ಮೇಲೆ ಹೋಗುವಾಗ ಒಂದು ಕ್ಷಣ ಸ್ವಲ್ಪ ದೂರವಾದ ಹಾಗೆ ಅನ್ನಿಸುತ್ತದೆ. ಆಗ ಎದ್ದು ಹೊರಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬರುತ್ತೇನೆ. ಗಂಟೆ ತಡವಾಗಿದೆ, ಬೇರೆ ಯಾರೂ ಬಂದಿಲ್ಲ ಅಂತ ಹೇಳಿಕೊಳ್ಳುತ್ತೇನೆ. ಅಂಗಡಿಯ ಯಜಮಾನರಿಗೆ ಎಲ್ಲ ಹೇಳಿಯೇ ಕೆಲಸಕ್ಕೆ ಸೇರಿದ್ದು. "ಸುಸ್ತಾದ್ರೆ ಹೇಳ್ರೀ, ಅಷ್ಟೆ" ಅಂದರು. ಮಾತ್ರೆ ಬಿಟ್ಟಿಲ್ಲ.

ಇನ್ನು ನಿನಗೆ ಗೊತ್ತಿಲ್ಲದ ದೊಡ್ಡ ಸುದ್ದಿ. ಮೈತ್ರಿಗೆ ಹೆಣ್ಣುಮಗು ಆಗಿದೆ. ಬಾಣಂತನಕ್ಕೆ ನಮ್ಮ ಮನೆಯಲ್ಲೇ ಇದ್ದಾಳೆ. ಮಗುವಿಗೆ ನೀರು ಹಾಕುವುದು ಅಮ್ಮನೇ. ಆದರೆ ಹೋದ ಸೋಮವಾರ ಅಮ್ಮನ ಮಂಡಿ ಹಿಡಿದುಕೊಂಡು ಕೂರಲಾಗಲಿಲ್ಲ. ಮೈತ್ರಿ ಎಣ್ಣೆ ಹಚ್ಚಿದ ಮಗುವನ್ನು ಎತ್ತಿಕೊಂಡು ನನ್ನ ಮುಂದೆ ನಿಂತಳು. "ಅಕ್ಕ, ನೀನು ಹಾಕು."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಬೇಡ ಕಣೇ. ನನಗೆ ಇನ್ನೂ ಕೆಲವು ಸಲ... ಗೊತ್ತಲ್ಲ ನಿಂಗೆ."

"ಗೊತ್ತು. ಇವತ್ತು ಹಂಗ್ ಅನ್ನಿಸ್ತಿದ್ಯಾ?"

ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡೆ. "ಇಲ್ಲ."

"ಮತ್ತೆ? ಅನ್ಸಿದ್ರೆ ಹೇಳು, ನಾನು ಇಲ್ಲೇ ಕೂತಿರ್ತೀನಿ."

ಬಚ್ಚಲಿನಲ್ಲಿ ಮಣೆ ಹಾಕಿಕೊಂಡು, ಸೀರೆ ಮೇಲೆತ್ತಿ ಕಟ್ಟಿ, ಕಾಲು ಚಾಚಿ ಕೂತೆ. ಮೈತ್ರಿ ಮಗುವನ್ನು ನನ್ನ ಕಾಲುಗಳ ಮೇಲೆ ಮಲಗಿಸಿದಳು. ಅಷ್ಟು ಸಣ್ಣ ಜೀವ, ಎಣ್ಣೆಗೆ ಜಾರುತ್ತಿತ್ತು. ಎಡಗೈಯಲ್ಲಿ ತಲೆ ಹಿಡಿದೆ, ಬಲಗೈಯಲ್ಲಿ ನೀರು ಹೊಯ್ದೆ. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತಿದ್ದಳು. ಎರಡು ಚೊಂಬು ಆದಮೇಲೆ, "ಸಾಂಬ್ರಾಣಿಗೆ ಕೆಂಡ ತತ್ತೀನಿ" ಎಂದು ಕುಂಟುತ್ತ ಒಳಗೆ ಹೋದಳು. ಹಿಂದೆ ತಿರುಗಿ ನೋಡಲಿಲ್ಲ ಅಪ್ಪ. ನೀರು ಹೊಯ್ದದ್ದು ನಾನು, ಮೈ ಉಜ್ಜಿದ್ದು ನಾನು, ಹಣೆಗೆ ಕೈ ಅಡ್ಡ ಹಿಡಿದು ಕಣ್ಣಿಗೆ ನೀರು ಹೋಗದ ಹಾಗೆ ನೋಡಿಕೊಂಡದ್ದು ನಾನು.

ಒರೆಸಿ ಬಟ್ಟೆಯಲ್ಲಿ ಸುತ್ತುವಾಗ ಅದರ ಒಂದು ಕೈ ಹೊರಗೆ ಬಂದು, ಗಾಳಿಯಲ್ಲಿ ಆಡಿ, ತನ್ನದೇ ಮೂಗಿಗೆ ಬಡಿಯಿತು. ಮಗು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು. ಯಾರೋ ಬಂದು ಹೊಡೆದು ಹೋದರು ಅನ್ನುವಂತೆ ಅತ್ತಿತ್ತ ಕಣ್ಣು ಹೊರಳಿಸಿತು. ಮೈತ್ರಿ ನಕ್ಕಳು. ನನಗೆ ನಗು ಬರಲಿಲ್ಲ. ಆ ಪುಟ್ಟ ಕೈಯನ್ನು ಮೆಲ್ಲಗೆ ಹಿಡಿದು ಅದರ ಕಣ್ಣೆದುರಿಗೆ ತಂದೆ.

"ಯಾರೂ ಹೊಡೀಲಿಲ್ಲ ಕಣೇ. ನಿಂದೇ ಇದು, ನಿನ್ ಕೈ" ಅಂದೆ.

ಅದು ಅಳು ನಿಲ್ಲಿಸಿ, ಹುಬ್ಬು ಗಂಟಿಕ್ಕಿಕೊಂಡು, ಆ ಕೈಯನ್ನೇ ನೋಡತೊಡಗಿತು.

ನಿನ್ನ
ಸುಜಿ